ಪ್ರತಿಕ್ರಿಯೆ: ತಂಗಿ ಮತ್ತೆ ಕೌನ್ಸೆಲಿಂಗ್‌ಗೆ ಹೋಗಲ್ಲ ಅಂತಿದ್ದಾಳೆ

ಮೊದಲ ದಿನವೇ ಕೌನ್ಸೆಲರ್ ತಂಗಿಯಿಂದ ಅತ್ಯಾಚಾರದ ಇಡೀ ವಿಷಯ ಬಾಯಿ ಬಿಡಿಸಿದ್ದಾರೆ ಅಂತ ಬರೆದಿದ್ದೀರಿ, ಅವಳು ಹಿಂದೆ ಸರಿಯಲು ಬಹುಶಃ ಅದೇ ಕಾರಣ. ಬೇರೇನಾದರೂ ಇರಬಹುದು, ಕೇಳಿ ನೋಡಿ, ಒತ್ತಾಯ ಬೇಡ. ಅವಳು ಒಪ್ಪಿದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ನಿಮ್ಮ ಜಿಲ್ಲೆಯ ಸಖಿ ಕೇಂದ್ರ (ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸರ್ಕಾರಿ ಕೇಂದ್ರ) ಎಲ್ಲಿದೆ ಅಂತ ಕೇಳಿ. ಅಲ್ಲಿ ಕೌನ್ಸೆಲಿಂಗ್ ಉಚಿತ, ವಯಸ್ಸು 22 ಅಂದಿರಲ್ಲ, ಹಾಗಾಗಿ ಪೊಲೀಸ್ ದೂರು ಕೊಡೋದು ಬಿಡೋದು ಅವಳಿಗೆ ಬಿಟ್ಟದ್ದು (18ರೊಳಗಿನವರಾದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು). ಹೋಗುವ ಮೊದಲೇ ಹೇಳಿಬಿಡಿ: ಮಹಿಳಾ ಕೌನ್ಸೆಲರ್ ಬೇಕು, ನಡೆದದ್ದನ್ನು ಈಗಲೇ ಕೆದಕಬೇಡಿ, ನಿದ್ದೆ ಊಟದಿಂದ ಮಾತು ಶುರು ಮಾಡಿ. ನೀವು ಒಳಗೆ ಬರಬೇಕಾ, ಹೊರಗೆ ಬೆಂಚಲ್ಲಿ ಕೂರಬೇಕಾ ಅನ್ನೋದನ್ನೂ ಅವಳೇ ಹೇಳಲಿ. ರಾತ್ರಿ ಬೆಚ್ಚಿಬೀಳೋದು ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು. ಸಾಯೋ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.