ಸಂಪಾದಕರ ಉತ್ತರ: ವಚನ ಓದಿ ಸಿಟ್ಟು ಬಂದಾಗ

ಓದುಗರೊಬ್ಬರ ಪತ್ರ: "ನಮ್ಮ ಸತ್ಯವೇದ (ಬೈಬಲ್) ಅಧ್ಯಯನ ಕೂಟದಲ್ಲಿ ಮತ್ತಾಯ 5ನೇ ಅಧ್ಯಾಯ ಓದುತ್ತಿದ್ದೆವು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂಬ ಮಾತು ಬಂತು. ನಾನೂ ನನ್ನ ಅಕ್ಕನೂ ಮಾತು ಬಿಟ್ಟು 4 ವರ್ಷ. ಉಳಿದವರೆಲ್ಲ 'ಎಷ್ಟು ಚೆನ್ನಾಗಿದೆ' ಎಂದರು, ನನಗೆ ಮೈಯೆಲ್ಲ ಉರಿಯಿತು. ಅಂದು ಮುಚ್ಚಿಟ್ಟ ಪುಸ್ತಕವನ್ನು ಮೂರು ವಾರದಿಂದ ತೆರೆದಿಲ್ಲ. ನನ್ನ ಹೃದಯ ಕಲ್ಲಾಗಿದೆಯೇ? ಅಕ್ಕನೊಂದಿಗೆ ಸರಿಹೋಗುವ ತನಕ ಕೂಟಕ್ಕೆ ಹೋಗದಿರಲೇ?"

ಪ್ರಿಯ ಸಹೋದರಿ,

ಕಲ್ಲಾಗಿದ್ದರೆ ಉರಿಯುತ್ತಿರಲಿಲ್ಲ. ನಿಮಗೆ ಸಿಟ್ಟು ಬಂದದ್ದು ಆ ಮಾತು ನಿಮ್ಮನ್ನೇ ಹೆಸರು ಹಿಡಿದು ಕರೆದಂತೆ ಕೇಳಿಸಿದ್ದರಿಂದ.

ಕಲ್ಲಾದ ಹೃದಯ ಹೇಗಿರುತ್ತದೆಂದು ತಿಳಿಯಲು ಯೆರೆಮೀಯ 36ನೇ ಅಧ್ಯಾಯ ಓದಿ. ಒಂಬತ್ತನೇ ತಿಂಗಳು, ಚಳಿಗಾಲ. ಯೆಹೂದದ ಅರಸ ಯೆಹೋಯಾಕೀಮನು ಬೆಂಕಿಯ ಮುಂದೆ ಕುಳಿತಿದ್ದಾನೆ. ಪ್ರವಾದಿ ಯೆರೆಮೀಯ ಹೇಳಿ ಅವನ ಬರಹಗಾರ ಬಾರೂಕ ಬರೆದ, ದೇವರ ಎಚ್ಚರಿಕೆಯ ಸುರುಳಿಯನ್ನು ಅವನೆದುರು ಓದುತ್ತಿದ್ದಾರೆ. ಮೂರು ನಾಲ್ಕು ಅಂಕಣ ಓದಿ ಮುಗಿಸುತ್ತಲೇ ಅವನು ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಮತ್ತೆ ಓದು, ಮತ್ತೆ ಕತ್ತರಿ. ಅವನು ಕೂಗಾಡಿದನೆಂದು ಅಲ್ಲಿ ಬರೆದಿಲ್ಲ. ಹೆದರಲಿಲ್ಲ, ಬಟ್ಟೆ ಹರಿದುಕೊಳ್ಳಲಿಲ್ಲ ಎಂದಷ್ಟೇ ಇದೆ. ನನ್ನನ್ನು ನಡುಗಿಸುವುದು ಆ ತಣ್ಣಗಿನ ನೆಮ್ಮದಿಯೇ.

ಬಟ್ಟೆಯ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ; ಬಟ್ಟೆ ಹರಿದುಕೊಳ್ಳುವುದು ಅಂದು ದುಃಖದ, ಪಶ್ಚಾತ್ತಾಪದ ಗುರುತು. ಇದಕ್ಕೆ ಸುಮಾರು 18 ವರ್ಷ ಮೊದಲು ಅದೇ ಯೆರೂಸಲೇಮಿನಲ್ಲಿ, ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಗ್ರಂಥವನ್ನು ಲೇಖಕ ಶಾಫಾನ ಯೋಷೀಯ ಅರಸನ ಮುಂದೆ ಓದಿದ್ದ. ಯೋಷೀಯ ಕೇಳಿದವನೇ ತನ್ನ ಬಟ್ಟೆ ಹರಿದುಕೊಂಡ. ಆ ಯೋಷೀಯನ ಮಗನೇ ಈ ಯೆಹೋಯಾಕೀಮ. ಸುರುಳಿ ಸುಡಬೇಡಿರೆಂದು ಬೇಡಿಕೊಂಡವರಲ್ಲಿ ಶಾಫಾನನ ಮಗ ಗೆಮರ್ಯನೂ ಇದ್ದ. ಅಪ್ಪ ಓದಿದಾಗ ಒಬ್ಬ ಅರಸ ಅತ್ತ. ಮಗ ಬೇಡಿಕೊಂಡರೂ ಇನ್ನೊಬ್ಬ ಅರಸ ಕೇಳಲಿಲ್ಲ.

ನಮ್ಮ ಕೈಯ ಚೂರಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. 'ಅದು ಆ ಕಾಲದವರಿಗೆ ಹೇಳಿದ್ದು' ಎನ್ನುತ್ತೇವೆ. 'ಈ ಮಾತನ್ನು ಇಂಥವರು ಕೇಳಬೇಕಿತ್ತು' ಎಂದು ಪಕ್ಕದ ಬೆಂಚಿನತ್ತ ನೋಡುತ್ತೇವೆ. 'ನನ್ನ ನೆರೆಯವನು ಯಾರು' ಎಂದು ಯೇಸುವನ್ನು ಕೇಳಿದ ಧರ್ಮೋಪದೇಶಕನಿಗೆ ಬೇಕಾಗಿದ್ದದ್ದು ಪದದ ಅರ್ಥವಲ್ಲ, ತಾನು ನೀತಿವಂತನೆಂದು ತೋರಿಸಿಕೊಳ್ಳುವುದು. ಸುವಾರ್ತೆ ಬರೆದ ಲೂಕನೇ ಹಾಗೆ ಹೇಳಿದ್ದಾನೆ. ನಾನು ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ, ಸಹೋದರಿ. ಹಣದ ಬಗ್ಗೆ ಒಂದು ವಚನ ಚುಚ್ಚಿದಾಗಲೆಲ್ಲ ಮೂಲಭಾಷೆಯ ಪದ ಹುಡುಕಲು ಕೂತೆ. ಪದ ಸಿಕ್ಕಿತು. ಕೊಡಬೇಕಾಗಿದ್ದವರಿಗೆ ಕೊಡುವುದು ಹಾಗೇ ಉಳಿಯಿತು.

ನಿಮ್ಮ ಕೂಟದವರನ್ನು ನಾನು ಅಳೆಯಲಾರೆ. ಆದರೆ ಯೇಸು ಹೇಳಿದ ಇಬ್ಬರು ಮಕ್ಕಳ ಕಥೆ ನೆನಪಾಗುತ್ತದೆ. ದ್ರಾಕ್ಷಾತೋಟಕ್ಕೆ ಹೋಗು ಎಂದಾಗ ಒಬ್ಬ 'ಹೋಗುವುದಿಲ್ಲ' ಎಂದ, ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ 'ಹೋಗುತ್ತೇನಪ್ಪಾ' ಎಂದ, ಹೋಗಲಿಲ್ಲ. ತಂದೆಯ ಇಷ್ಟದಂತೆ ಮಾಡಿದವನು ಮೊದಲನೆಯವನೇ. 'ಹೋಗುವುದಿಲ್ಲ' ಎಂದ ಕೂಡಲೇ ಆ ಕಥೆ ಮುಗಿಯಲಿಲ್ಲ. ನೀವು ಸದ್ಯ ಅಲ್ಲಿ ನಿಂತಿದ್ದೀರಿ.

ಇನ್ನು ಆ ವಚನವನ್ನೇ ನೋಡೋಣ. ನಿಮ್ಮ ಸಿಟ್ಟಿನ ಬೇರು ಅಲ್ಲೇ ಇರಬಹುದು. 'ನಿನಗೆ ಸಹೋದರನ ಮೇಲೆ ಏನಾದರೂ ಇದ್ದರೆ' ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಏನೋ ಇದೆಯೆಂದು ನಿನಗೆ ನೆನಪಾದರೆ, ಎಂದಿದೆ. ನಮಗಾದ ನೋವಿನ ಲೆಕ್ಕ ನಮಗೆ ಬಾಯಿಪಾಠ. ಅಕ್ಕನ ಲೆಕ್ಕದಲ್ಲಿ ಏನಿದೆಯೆಂದು ನೆನೆಯುವುದೇ ಕಷ್ಟ. ಯೇಸುವಿನ ಈ ಮಾತು ಕೇಳುತ್ತಿದ್ದವರಲ್ಲಿ ಉತ್ತರದ ಗಲಿಲಾಯ ಸೀಮೆಯವರಿದ್ದರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಹಲವು ದಿನಗಳ ನಡಿಗೆ. ಕಾಣಿಕೆ ಅಲ್ಲೇ ಬಿಟ್ಟು ಊರಿಗೆ ಮರಳಿ, ಸರಿಮಾಡಿಕೊಂಡು, ಮತ್ತೆ ಬರಬೇಕು. ಇದು ಸುಲಭದ ಮಾತೆಂದು ಯೇಸುವಿಗೂ ಅನಿಸಿರಲಾರದು.

ಒಂದು ಎಚ್ಚರಿಕೆ. ಹೊಡೆಯುವವರ, ಹಿಂಸಿಸುವವರ ಕೈಗೆ ಮತ್ತೆ ಸಿಕ್ಕಿಬೀಳಬೇಕೆಂದು ಈ ವಚನವನ್ನು ಯಾರ ಮೇಲೂ ಹೇರಬಾರದು. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ಇದ್ದರೆ ಮೊದಲು ನಂಬಿಕಸ್ಥರೊಬ್ಬರ ಜೊತೆ ಮಾತಾಡಿ.

ಕೂಟಕ್ಕೆ ಹೋಗಿ. ಬಿಡಬೇಡಿ. 'ಈ ವಚನ ನನ್ನಿಂದ ನುಂಗಲಾಗುತ್ತಿಲ್ಲ' ಎಂದು ಒಂದು ವಾಕ್ಯ ಹೇಳಿದರೆ ಸಾಕು, ಕಾರಣ ವಿವರಿಸಬೇಕಾಗಿಲ್ಲ. ಆ ಕೋಣೆಯಲ್ಲಿ 'ಚೆನ್ನಾಗಿದೆ' ಎಂದವರಲ್ಲೂ ಯಾರಾದರೂ ಹಾಗೆಯೇ ಒದ್ದಾಡುತ್ತಿರಬಹುದು. ಪುಸ್ತಕವನ್ನು ಮುಚ್ಚಿದ ಪುಟದಲ್ಲೇ ತೆರೆಯಿರಿ. ಸಿಟ್ಟು ಬಂದರೆ ಅದನ್ನೇ ಪ್ರಾರ್ಥನೆಯಲ್ಲಿ ಹೇಳಿ. ಸತ್ಯವೇದದ ಕೀರ್ತನೆಗಾರರು ದೇವರ ಮುಂದೆ ಇದಕ್ಕಿಂತ ಖಾರವಾಗಿ ಮಾತಾಡಿದ್ದಾರೆ.

ಅಕ್ಕನಿಗೆ ಬರೆಯುವ ದಿನ ಬಂದರೆ ನಾಲ್ಕೇ ಸಾಲು ಬರೆಯಿರಿ, ನೀವು ಅಂದದ್ದರ ಬಗ್ಗೆ ಮಾತ್ರ. ಅದರಲ್ಲಿ ಈ ವಚನವನ್ನು ಸೇರಿಸಬೇಡಿ. ಅದು ಬಂದದ್ದು ನಿಮಗೆ, ಅಕ್ಕನಿಗಲ್ಲ.