ಕ್ಯಾಮೆರಾದ ಕೈಪಿಡಿ ಓದಲೇಬೇಕೆ?

ಪ್ರಶ್ನೆ: ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೇನೆ. ಜೊತೆಗೆ ಬಂದ ತೆಳು ಪುಸ್ತಿಕೆಯಲ್ಲಿ ಬ್ಯಾಟರಿ ಹಾಕುವ ವಿಧಾನಕ್ಕಿಂತ ಹೆಚ್ಚೇನೂ ಇಲ್ಲ. ಪೂರ್ಣ ಕೈಪಿಡಿ ತಯಾರಕರ ಜಾಲತಾಣದಲ್ಲಿದ್ದು, ನೂರಾರು ಪುಟಗಳಷ್ಟಿದೆ. ವಿಡಿಯೊ ನೋಡಿ ಕಲಿತರೆ ಸಾಲದೆ?

ಉತ್ತರ: ಸಾಲದು. ವಿಡಿಯೊ ಮಾಡಿದವರು ತಮಗೆ ಮುಖ್ಯವೆನಿಸಿದ್ದನ್ನು ಮಾತ್ರ ಹೇಳುತ್ತಾರೆ. ನಿಮ್ಮ ಕೈಯಲ್ಲಿರುವ ಮಾದರಿಯ ಪ್ರತಿಯೊಂದು ಗುಂಡಿಯ ಕೆಲಸವನ್ನು ವಿವರಿಸುವುದು ಕೈಪಿಡಿಯೊಂದೇ. ಉದಾಹರಣೆಗೆ, ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್‌ನಲ್ಲಿ ದೃಶ್ಯ ಮಸುಕಾಗಿ ಕಂಡಾಗ ಅನೇಕರು ಲೆನ್ಸ್ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ, ವ್ಯೂಫೈಂಡರ್‌ನ ಪಕ್ಕದಲ್ಲೇ ಇರುವ ಡಯಾಪ್ಟರ್ ಎಂಬ ಪುಟ್ಟ ಚಕ್ರವನ್ನು ಒಳಗಿನ ಅಕ್ಷರಗಳು ಸ್ಪಷ್ಟವಾಗಿ ಕಾಣುವವರೆಗೆ ತಿರುಗಿಸಿದರೆ ಸಾಕು. ಮೆನುವಿನ ಕೆಲವು ಆಯ್ಕೆಗಳು ಮಂಕಾಗಿ, ಒತ್ತಿದರೂ ಸ್ಪಂದಿಸದಿರುವುದು ಸಹ ದೋಷವಲ್ಲ. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪದಲ್ಲಿ, ಚಿತ್ರ ಉಳಿಸುವಂತೆ ಹೊಂದಿಸಿದಾಗ ಡಿಜಿಟಲ್ ಜೂಮ್‌ನಂತಹ ಸೌಲಭ್ಯಗಳು ಹಲವು ಕ್ಯಾಮೆರಾಗಳಲ್ಲಿ ದೊರೆಯುವುದಿಲ್ಲ. ಯಾವುದರೊಂದಿಗೆ ಯಾವುದು ಹೊಂದುವುದಿಲ್ಲವೆಂಬ ಕೋಷ್ಟಕ ಕೆಲವು ಕೈಪಿಡಿಗಳ ಕೊನೆಯಲ್ಲಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲವೆಂಬುದು ಬೇರೆ ಮಾತು!

ಆದರೆ ಕೈಪಿಡಿ ಛಾಯಾಗ್ರಹಣವನ್ನು ಕಲಿಸುವುದಿಲ್ಲ. ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರದ ಅಳತೆಯನ್ನು, ಬದಲಿಸುವ ಚಕ್ರ ಎಲ್ಲಿದೆಯೆಂದು ಅದು ತಿಳಿಸುತ್ತದೆಯೇ ಹೊರತು, ಮುಖಚಿತ್ರಕ್ಕೆ ಎಫ್/2 ಎಂಬ ಅಗಲ ರಂಧ್ರ ಇಡಬೇಕೋ ಎಫ್/8 ಎಂಬ ಕಿರಿದಾದ ರಂಧ್ರ ಇಡಬೇಕೋ ಎಂಬ ವಿವೇಚನೆಯನ್ನಲ್ಲ. ಅದಕ್ಕೆ ಒಳ್ಳೆಯ ಪುಸ್ತಕ ಮತ್ತು ಅಭ್ಯಾಸ ಬೇಕು. ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಗತ್ಯವೂ ಇಲ್ಲ. ಭಾಗಗಳ ಹೆಸರು, ಫೋಕಸ್ ಮತ್ತು ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಅಧ್ಯಾಯಗಳನ್ನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ಓದಿ, ಉಳಿದದ್ದಕ್ಕಾಗಿ ಪಿಡಿಎಫ್ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪದ ಹುಡುಕುವ ಅನುಕೂಲದಲ್ಲಿ ಅದು ಮುದ್ರಿತ ಪ್ರತಿಗಿಂತ ಮೇಲು.