ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸುವ ಮುಂಚೆ ಮನೆಯಲ್ಲೂ ಇಂಗ್ಲಿಷ್ ಮಾತಾಡಬೇಕಾ?

ಬೇಡ. ದಯವಿಟ್ಟು ಬೇಡ. ಏಳು ವರ್ಷದ ಮಗಳು, ಹೊಸ ದೇಶ, ಈಗಿನಿಂದಲೇ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿದರೆ ಒಳ್ಳೇದಾ ಅಂತ ಕೇಳಿದ್ದೀರಿ. ನನ್ನ ಮಗನಿಗೆ ನಾನು ಮಾಡಿದ್ದು ಅದನ್ನೇ.

ಅಡ್ಮಿಷನ್ ಫಾರಂನಲ್ಲಿ ಮನೆಯಲ್ಲಿ ಆಡುವ ಭಾಷೆ ಯಾವುದು ಅಂತ ಒಂದು ಕಾಲಂ ಇತ್ತು. ಇಂಗ್ಲಿಷ್ ಅಂತ ಬರೆದೆ. ಆಡುತ್ತಿದ್ದದ್ದು ಕನ್ನಡ. ನಿಜ ಬರೆದರೆ ಇಎಎಲ್‌ಗೆ, ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಭಾಷೆಯ ನೆರವು ಕೊಡುವ ಗುಂಪಿಗೆ ಹಾಕುತ್ತಾರೆ, ದಡ್ಡ ಅನ್ನುತ್ತಾರೆ, ಸೀಟೇ ಕೊಡದಿದ್ದರೆ ಅಂತೆಲ್ಲ ಭಯ. ಆಮೇಲೆ ಆ ಸುಳ್ಳನ್ನು ನಿಜ ಮಾಡಲು ಮನೆಯಲ್ಲೂ ಇಂಗ್ಲಿಷ್ ಹಿಡಿದೆವು. ನಮ್ಮಿಬ್ಬರ ಇಂಗ್ಲಿಷ್ ಆಫೀಸಿಗೆ ಸಾಕು. ಕಥೆ ಹೇಳೋಕೆ, ಬೈಯೋಕೆ, ರಮಿಸೋಕೆ ಸಾಲದು. ಊಟಕ್ಕೆ ಕೂತಾಗ ಮಾತೇ ಕಮ್ಮಿ ಆಯಿತು.

ಶುರುವಿನಲ್ಲಿ ಎಲ್ಲರಿಗೂ ಖುಷಿ. ಹುಡುಗ ಪಟಪಟ ಮಾತಾಡುತ್ತಿದ್ದ. ಮೋಸ ಹೋಗುವುದು ಅಲ್ಲೇ. ಆಟದ ಮೈದಾನದ ಇಂಗ್ಲಿಷ್ ಸುಮಾರು 2 ವರ್ಷದಲ್ಲಿ ಬರುತ್ತದೆ, ಪಾಠ ಓದಿ ಬರೆಯುವ ಇಂಗ್ಲಿಷ್‌ನಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು ಅಂತ ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ 1980ರ ದಶಕದಲ್ಲೇ ಹೇಳಿದ್ದರು. ನನಗೆ ಗೊತ್ತಾಗಿದ್ದು ಮಗ ವಿಜ್ಞಾನದ ವರದಿ ಬರೆಯಲಾಗದೆ ಅಳುತ್ತಾ ಕೂತಾಗ. ಫೈಲಿನಲ್ಲಿ ಮನೆಮಾತು ಇಂಗ್ಲಿಷ್ ಅಂತಿದೆ. ಅಂಥ ಹುಡುಗ ಬರೆಯೋಕೆ ಒದ್ದಾಡಿದರೆ ಟೀಚರ್ ಏನಂದುಕೊಳ್ಳಬೇಕು? ಕಲಿಕೆಯ ತೊಂದರೆ ಇರಬಹುದು ಅಂತ ಪರೀಕ್ಷೆಗೆ ಕಳಿಸಿದರು. ಇಎಎಲ್ ನೆರವು ಮಾತ್ರ ಸಿಗಲಿಲ್ಲ. ಅವನ ಕ್ಲಾಸಿನ ಕೊರಿಯನ್ ಹುಡುಗಿಗೆ ಅದೇ ನೆರವು ಸಿಕ್ಕಿತು. ಇಎಎಲ್ ಟೀಚರ್ ಕ್ಲಾಸಿನಲ್ಲೇ ಪಕ್ಕ ಕೂತು ಕಲಿಸಿದರು. ನೋಡನೋಡುತ್ತಾ ಇವನನ್ನು ದಾಟಿ ಹೋದಳು. ಅವಳನ್ನು ಯಾರೂ ದಡ್ಡಿ ಅನ್ನಲಿಲ್ಲ.

ಇನ್ನೊಂದು ಪೆಟ್ಟು ಬಿದ್ದದ್ದು ಐಬಿ ಡಿಪ್ಲೊಮಾದಲ್ಲಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮದ ಕೊನೆಯ ಎರಡು ವರ್ಷದ ಕೋರ್ಸಿನಲ್ಲಿ. ಶಾಲೆ ಕಲಿಸದ ಮನೆಮಾತಾದರೂ ಅದರ ಸಾಹಿತ್ಯವನ್ನು ಶಾಲೆಯ ಸಹಾಯದಿಂದ ತಾನೇ ಓದಿ ಒಂದು ವಿಷಯವಾಗಿ ತೆಗೆದುಕೊಳ್ಳುವ ದಾರಿ ಅಲ್ಲಿದೆ. ಅಷ್ಟು ಹೊತ್ತಿಗೆ ಇವನಿಗೆ ಒಂದು ಪುಟ ಕನ್ನಡ ಓದುವುದೂ ಕಷ್ಟವಾಗಿತ್ತು.

ಐಬಿನಾ ಕೇಂಬ್ರಿಡ್ಜಾ, ಯಾವ ಪಠ್ಯಕ್ರಮದ ಶಾಲೆ ಒಳ್ಳೇದು ಅಂತಲೂ ಕೇಳಿದ್ದೀರಿ. ಏಳು ವರ್ಷಕ್ಕೆ ಅದು ಸುಮ್ನೆ ತಲೆನೋವು, ಎರಡೂ ನಡೆಯುತ್ತದೆ. ಇಎಎಲ್ ಟೀಚರ್ ಕ್ಲಾಸಿನೊಳಗೆ ಬರುತ್ತಾರಾ, ಮಗುವನ್ನೇ ಹೊರಗೆ ಕರೆದೊಯ್ಯುತ್ತಾರಾ, ಅದಕ್ಕೆ ಬೇರೆ ಫೀಸು ಇದೆಯಾ, ಇದನ್ನು ಕೇಳಿ. ಸ್ಥಳೀಯ ಮಕ್ಕಳು ಜಾಸ್ತಿ ಇದ್ದಾರೆ ಅನ್ನುವ ನಿಮ್ಮ ಚಿಂತೆ ನನಗೆ ಅರ್ಥವೇ ಆಗಲ್ಲ. ವರ್ಗಾವಣೆಯ ಮೇಲೆ ಬಂದವರ ಮಕ್ಕಳು ಪ್ರತಿ ಬೇಸಿಗೆಗೂ ಒಬ್ಬೊಬ್ಬರಾಗಿ ಹೊರಟುಬಿಡುತ್ತಾರೆ. ಕೊನೆವರೆಗೂ ಕ್ಲಾಸಿನಲ್ಲಿ ಉಳಿಯುವುದು ಆ ಊರಿನ ಮಕ್ಕಳೇ ಅಲ್ವಾ?

ಫಾರಂ ಇನ್ನೂ ಕೊಟ್ಟಿಲ್ಲ ಅಂದರೆ ನಿಜ ಬರೆಯಿರಿ. ಕೊಟ್ಟಾಗಿದ್ದರೆ ಶಾಲೆಗೆ ಒಂದು ಮೇಲ್ ಹಾಕಿ ತಿದ್ದಿಸಿ. ಅದಕ್ಕೆ ಸೀಟು ಕೊಡಲ್ಲ ಅಂದರೆ ಬೇರೆ ಶಾಲೆ ನೋಡಿ.